ಜೌಗಿನ ಮೇಲೆ ಬರೆದ ದಾರಿ

ಕಂತು ಏಳು

"ನಿಮ್ಮಲ್ಲಿ ಒಬ್ರಾದ್ರೂ 'ದುಡ್ಡಿಗೋಸ್ಕರ ಮಾಡ್ದೆ' ಅಂತ ಹೇಳ್ರಪ್ಪಾ! ಹೇಳಿದವರ ಕಾಲಿಗೆ ಬೀಳ್ತೀನಿ."

ನಮಯಾಂಜ ಮೇಜಿಗೆ ಕೈ ಅಪ್ಪಳಿಸಿದಳು. ಶುಂಠಿ ಟೀ ಲೋಟದಿಂದ ತುಳುಕಿ ಟೆಂಡೊಳ ಕಾಗದಗಳ ಮೇಲೆ ಹರಿಯಿತು. ಟೆಂಡೊ ಕಾಗದಗಳನ್ನು ಎತ್ತಿ ಕೊಡವಿ, ಕಿಟಕಿಯಲ್ಲಿ ಒಣಗಲು ಇಟ್ಟಳು.

ಇಪ್ಪತ್ತೇಳು ವರ್ಷ ಪೊಲೀಸ್ ಕೆಲಸ, ಆಮೇಲೆ ಆರು ವರ್ಷ ಸ್ವಂತ ಪತ್ತೇದಾರಿ. ಇಷ್ಟು ಕಾಲದಲ್ಲಿ ನಮಯಾಂಜ ಕಂಡ ಅಪರಾಧಗಳಿಗೆಲ್ಲ ಮೂರೇ ಕಾರಣ: ಜಮೀನು, ಹೆಣ್ಣು, ಹಣ. ಮೂರರಲ್ಲಿ ಒಂದರ ತುದಿ ಹಿಡಿದು ಎಳೆದರೆ ಆಸಾಮಿ ತಾನಾಗಿ ಈಚೆ ಬರುತ್ತಿದ್ದ. ಇಲ್ಲಿ ಮಾತ್ರ ಬೆಳಗಿನಿಂದ ಯಾರನ್ನು ಕೇಳಿದರೂ, ಅಮ್ಮಾವ್ರೇ ಎನ್ನುವ 'ನ್ಯಾಬೊ' ಸೇರಿಸಿ, ಒಂದೇ ಉತ್ತರ, "ಸುಮ್ನೆ ಮಾಡಿದ್ದು ನ್ಯಾಬೊ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ." ಕೇಳಿ ಕೇಳಿ ಅವಳ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಬುಲೆಂಬೆ ಪೇಟೆಯ ಕಬ್ಬಿಣದಂಗಡಿಯ ಮಹಡಿ ಮೇಲಿನ ಆ ಕೋಣೆಯಲ್ಲಿ ನಾಲ್ಕು ಹಳೆಯ ಲ್ಯಾಪ್‌ಟಾಪುಗಳು, ಗೋಡೆ ತುಂಬ ಸೀಮೆಯ ನಕ್ಷೆ. ಇಂಟರ್‌ನೆಟ್ಟಿನಲ್ಲಿರುವ ಆ ನಕ್ಷೆ ಎಲ್ಲರದ್ದು. ಯಾರು ಬೇಕಾದರೂ ಅದರಲ್ಲಿ ದಾರಿ, ಬಾವಿ, ಮನೆ ಬರೆಯಬಹುದು. ಯಾರು ಬೇಕಾದರೂ ಅಳಿಸಬಹುದು. ಸಂಬಳ ಇಲ್ಲ, ನಿಜವಾದ ಹೆಸರು ಕೊಡಬೇಕೆಂಬ ಕಟ್ಟಳೆಯೂ ಇಲ್ಲ. ಮಂಗಳವಾರ ಸಂಜೆ ಆ ನಕ್ಷೆ ತೋರಿಸಿದ ದಾರಿಯನ್ನು ನಂಬಿ ಕಿಬಿರಂಗೊ ತನ್ನ ಮೋಟಾರ್‌ಸೈಕಲ್ ಆಂಬ್ಯುಲೆನ್ಸನ್ನು ಲುಬಂಗಾ ಜೌಗಿಗೆ ಇಳಿಸಿದ್ದ. ಗಾಡಿ ಹೂತುಹೋಯಿತು. ಎದೆಮಟ್ಟದ ನೀರಿನಲ್ಲಿ ನಡೆದು ಅವನು ಆಚೆ ದಡದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಪ್ರೊಸ್ಕೊವಿಯಾಳ ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ತಡವಾಗಿತ್ತು. ತಾಯಿ ಬದುಕಿದಳು, ಮಗು ಉಳಿಯಲಿಲ್ಲ.

ಕಿಬಿರಂಗೊ ಅಂದಿನಿಂದ ಬೇಜವಾಬ್ದಾರಿಯ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದ. ಪೊಲೀಸರು ನೋಡಿದಾಗ ನಕ್ಷೆಯಲ್ಲಿ ಆ ದಾರಿಯೇ ಇರಲಿಲ್ಲ. ಬುಧವಾರ ಬೆಳಗಾಗುವಷ್ಟರಲ್ಲಿ ಯಾರೋ ಅಳಿಸಿದ್ದರು. ಠಾಣಾಧಿಕಾರಿ ಅವನ ಪರವಾಗಿ ಓಡಾಡುತ್ತಿದ್ದ ನಮಯಾಂಜಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ನ್ಯಾಬೊ, ದಾರಿ ಇತ್ತು ಅಂತ ನೀವಂತೀರಿ. ಬರೆದವನ ಹೆಸರು ಕೊಡಿ, ಬಿಡ್ತೀನಿ. ಹೆಸರಿಲ್ಲದವನ ಮಾತು ಕೋರ್ಟಲ್ಲಿ ನಿಲ್ಲಲ್ಲ. ಶುಕ್ರವಾರ ಐದು ಗಂಟೆಗೆ ಫೈಲು ಮೇಲಕ್ಕೆ ಹೋಗತ್ತೆ."

ಇವತ್ತು ಶುಕ್ರವಾರ. ಗಂಟೆ ಮೂರಾಗಿ ಹತ್ತು ನಿಮಿಷ.

"ಇನ್ನೊಂದ್ಸಲ ತೋರ್ಸು," ಎಂದಳು ನಮಯಾಂಜ.

ಟೆಂಡೊ ಲ್ಯಾಪ್‌ಟಾಪನ್ನು ತಿರುಗಿಸಿದಳು. ಇಪ್ಪತ್ತೆಂಟು ವರ್ಷದ ಹುಡುಗಿ, ಈ ಕೋಣೆಯನ್ನೂ ಆಂಬ್ಯುಲೆನ್ಸಿಗೆ ಬರುವ ಕರೆಗಳನ್ನೂ ನೋಡಿಕೊಳ್ಳುವವಳು. ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. "ನಕ್ಷೆಯಿಂದ ಅಳಿಸಿದ್ದು ಕಣ್ಣಿಗೆ ಕಾಣಲ್ಲ, ಅಷ್ಟೆ ನ್ಯಾಬೊ. ಚರಿತ್ರೆ ಪೂರಾ ಒಳಗೆ ಇರತ್ತೆ. ನೋಡಿ, ಈ ದಾರೀನ ನಾಲ್ಕು ಸಲ ಬರೆದಿದ್ದಾರೆ. ನಾಲ್ಕೂ ಸಲ ಅಳಿಸಿದ್ದಾರೆ. ಬರೆದದ್ದು ಒಬ್ಬರೇ."

ಬರೆದವರ ಹೆಸರಿನ ಜಾಗದಲ್ಲಿ 'ಒಮುತಂಬುಜೆ' ಎಂದಿತ್ತು. ದಾರಿಹೋಕ. ಅಷ್ಟು ಬಿಟ್ಟರೆ ಊರಿಲ್ಲ, ಕೇರಿಯಿಲ್ಲ, ಫೋಟೋ ಇಲ್ಲ.

ನಮಯಾಂಜ ಕನ್ನಡಕ ಏರಿಸಿ ಆ ಗೆರೆಯನ್ನು ಮತ್ತೆ ನೋಡಿದಳು. ದೂರದ ಊರುಗಳಲ್ಲಿ ಕೂತು ಆಕಾಶದಿಂದ ತೆಗೆದ ಚಿತ್ರ ನೋಡಿ ಬರೆಯುವವರು ಎಳೆದ ಗೆರೆ ನೇರವಾಗಿರುತ್ತದೆ. ಇದು ಹಾಗಿರಲಿಲ್ಲ. ಎರಡು ಕಡೆ ಏನನ್ನೋ ಬಳಸಿಕೊಂಡು ಹೋಗಿತ್ತು. ನಿನ್ನೆ ಅವಳು ಮಂಡಿನೋವು ಇಟ್ಟುಕೊಂಡೇ ಆ ಕೆಸರಿನ ಅಂಚಿಗೆ ಹೋಗಿ, ಮೀನು ಹಿಡಿಯುವವನ ದೋಣಿಯಲ್ಲಿ ಕೂತು ನೋಡಿ ಬಂದಿದ್ದಳು. ಆ ಎರಡೂ ತಿರುವಿನಲ್ಲಿ ಆಪಿನ ಹುಲ್ಲಿನ ನಡುವೆ ಆಳೆತ್ತರದ ಹುತ್ತಗಳಿದ್ದವು.

"ಇದನ್ನ ಬರೆದವರು ನಡೆದಿದ್ದಾರೆ," ಎಂದಳು. "ಬೇಸಗೇಲಿ, ನೀರು ಇಳಿದಾಗ. ಕಾಲಲ್ಲಿ ನಡೆದು, ನೋಡಿ, ಆಮೇಲೆ ಬರೆದಿದ್ದಾರೆ. ಇಲ್ಲೀವ್ರೇ. ಸರಿ, ಹೊಸದಾಗಿ ಬರೆದದ್ದನ್ನ ಇನ್ನೊಬ್ರು ಪರೀಕ್ಷೆ ಮಾಡ್ಬೇಕು ಅಂದ್ಯಲ್ಲ? ಸೋಮವಾರ ಇದಕ್ಕೆ 'ನೋಡಿದ್ದೇನೆ' ಅಂತ ಒತ್ತಿದ ಪುಣ್ಯಾತ್ಮ ಯಾರು?"

ಟೆಂಡೊಳ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಅಶಿರಾಫ್ ಕೂತಿದ್ದ, ಕಾಲೇಜಿನ ಕೊನೆ ವರ್ಷದವನು. ಎದೆಯ ಮೇಲೆ ನಕ್ಷೆಯ ಚಿತ್ರವಿರುವ ಅಂಗಿ. ಅದು ಬಹುಮಾನವಾಗಿ ಬಂದದ್ದು.

"ನಾನು," ಎಂದ ಅಶಿರಾಫ್.

"ನೋಡಿದ್ಯಾ?"

"ಒತ್ತಿದ್ದೆ."

"ಒತ್ತಿದ್ಯಾ ಅಂತ ಕೇಳ್ಲಿಲ್ಲ. ನೋಡಿದ್ಯಾ ಅಂದೆ."

"ಸೋಮವಾರ ನಾನ್ನೂರ ಹನ್ನೆರಡು ಒತ್ತಿದ್ದೆ ನ್ಯಾಬೊ. ತಿಂಗಳ ಕೊನೇಲಿ ಯಾರು ಜಾಸ್ತಿ ಮಾಡಿರ್ತಾರೋ ಅವರ್ನ ಅರುಶಾದ ಸಮ್ಮೇಳನಕ್ಕೆ ಕರೀತಾರೆ. ನಾನು ಎರಡನೇ ಜಾಗದಲ್ಲಿದ್ದೆ."

"ನಾನ್ನೂರ ಹನ್ನೆರಡು! ಮಧ್ಯದಲ್ಲಿ ಊಟಗೀಟ ಮಾಡಿದ್ಯೋ ಇಲ್ವೋ?"

"ಎಡಗೈಲಿ ರೋಲೆಕ್ಸ್ ತಿಂತಿದ್ದೆ."

ನಮಯಾಂಜಳಿಗೆ ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಒಂದು ಕೈಯಲ್ಲಿ ಮೊಟ್ಟೆ ಸುತ್ತಿದ ಚಪಾತಿ, ಇನ್ನೊಂದು ಕೈಯಲ್ಲಿ ಒಂದು ಮಗುವಿನ ಜೀವ. ಆದರೆ ಕೋಪ ಮಾಡಿ ಏನು ಪ್ರಯೋಜನ? ಇವನಿಗೆ ಬೇಕಾದದ್ದು ಅರುಶಾ. ಕೊನೆಗೂ ಒಬ್ಬ ತನಗೆ ಏನು ಬೇಕಿತ್ತೆಂದು ಬಾಯಿಬಿಟ್ಟಿದ್ದನಲ್ಲ, ಅದೇ ದೊಡ್ಡದು. ಇವನು ಕಳ್ಳನಲ್ಲ, ಪೆದ್ದ. ಅವಳು ಅವನ ಹೆಸರನ್ನು ಮನಸ್ಸಿನಲ್ಲೇ ಹೊಡೆದುಹಾಕಿದಳು.

"ಅಳಿಸಿದ್ದು ಯಾರು? ಬುಧವಾರ ಬೆಳಿಗ್ಗೆ ಆರೂವರೆಗೆ, ಮಗು ಹೋದ ಮೇಲೆ, ಅವಸರದಲ್ಲಿ ಅಳಿಸಿದವರು?"

"ಜಾಜಾ," ಎಂದಳು ಟೆಂಡೊ ಮೆಲ್ಲಗೆ. "ನಾಲ್ಕೂ ಸಲ ಅವರೇ. ಬರೋಕೆ ಹೇಳಿದೀನಿ."

ಮೆಟ್ಟಿಲ ಮೇಲೆ ರಬ್ಬರ್ ಬೂಟುಗಳ ಸದ್ದು ಆಗಲೇ ಕೇಳುತ್ತಿತ್ತು.

ಲುಟಾಮಗುಜಿಗೆ ಎಪ್ಪತ್ತಮೂರು. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ನಿವೃತ್ತನಾದವನು. ಊರಿಗೆಲ್ಲ ಜಾಜಾ, ಅಜ್ಜ. ನಕ್ಷೆಯಲ್ಲೂ ಅವನು ಇಟ್ಟುಕೊಂಡ ಹೆಸರು ಅದೇ. ಐದು ವರ್ಷದಲ್ಲಿ ಹತ್ತೊಂಬತ್ತು ಸಾವಿರ ಗೆರೆ ಎಳೆದಿದ್ದ. ಬೂಟಿನ ಕೆಸರನ್ನು ಬಾಗಿಲಲ್ಲಿ ತಿಕ್ಕಿ ಒಳಗೆ ಬಂದ. ಯಾರೂ ಕೂರು ಎನ್ನುವ ಮೊದಲೇ ಕೂತ.

"ಕೇಳಮ್ಮ. ಹೊತ್ತು ಹಾಳು ಮಾಡ್ಬೇಡ," ಎಂದ.

"ಸಾಕ್ಷಿ ಅಳಿಸಿದ್ದೀರಿ. ಯಾಕೆ?"

"ಸಾಕ್ಷಿ ಗೀಕ್ಷಿ ನಂಗೊತ್ತಿಲ್ಲ. ಅದು ನೀರು. ನೀರಿನ ಮೇಲೆ ದಾರಿ ಇದ್ರೆ ಅದು ತಪ್ಪು. ತಪ್ಪು ಕಂಡ್ರೆ ನಂಗೆ ಊಟ ಸೇರಲ್ಲ. ಮಾರ್ಚ್‌ನಲ್ಲಿ ಮಳೆ ಹಿಡಿದಾಗ ಕಂಡೆ, ಅಳಿಸ್ದೆ. ಯಾರೋ ಮತ್ತೆ ಬರೆದ್ರು. ಮತ್ತೆ ಅಳಿಸ್ದೆ. ಪ್ರತಿ ಸಲ 'ಇದು ನೀರು, ದಾರಿಯಲ್ಲ' ಅಂತ ಟಿಪ್ಪಣಿ ಬರೆದಿಟ್ಟೆ. ಒಂದು ನರಪಿಳ್ಳೇನೂ ಉತ್ತರ ಕೊಡ್ಲಿಲ್ಲ."

"ಮೂರು ಸಲ ಒಂದೊಂದು ದಿನದಲ್ಲೇ ಅಳಿಸಿದ್ದೀರಿ. ಇಲ್ಲಿದೆ ನೋಡಿ, ತಾರೀಖಿನ ಸಮೇತ. ನಾಲ್ಕನೇದು ಸೋಮವಾರ ಬೆಳಿಗ್ಗೆ ಬರೆದದ್ದು. ಅಳಿಸಿದ್ದು ಬುಧವಾರ." ನಮಯಾಂಜ ಮುಂದಕ್ಕೆ ಬಾಗಿದಳು. "ಎರಡು ದಿನ ಏನ್ ಮಾಡ್ತಿದ್ರಿ ಜಾಜಾ? ಕಾಯಿಲೆ ಇತ್ತಾ?"

ಮುದುಕ ಕಿಟಕಿಯತ್ತ ನೋಡಿದ. ಕೆಳಗಡೆ ಬಾಡಿಗೆ ಬೈಕಿನ ಬೋಡಾ ಹುಡುಗರು ಗಿರಾಕಿಗೆ ಕಿತ್ತಾಡುವ ಸದ್ದು ಕಿಟಕಿಯಿಂದ ಬರುತ್ತಿತ್ತು.

"ಫೋನ್ ಕೆಟ್ಟಿತ್ತಾ?"

"ಇಲ್ಲ."

"ನೋಡ್ಲಿಲ್ವಾ?"

"ನೋಡ್ದೆ." ಅವನ ದನಿ ಒರಟಾಯಿತು. "ಸೋಮವಾರ ಮಧ್ಯಾಹ್ನಾನೇ ನೋಡ್ದೆ. ನೋಡಿ ಬಿಟ್ಟೆ."

ಟೆಂಡೊ ಎದ್ದು ನಿಂತಳು. "ಬಿಟ್ರಾ? ಯಾಕೆ ಜಾಜಾ?"

"ಯಾಕೇಂತ ನೀನು ಕೇಳ್ತೀಯ?" ಲುಟಾಮಗುಜಿ ಅವಳತ್ತ ತಿರುಗಿದ. "ಹೋದ ಶನಿವಾರ ನಿಮ್ಮ ನಕ್ಷೆಯ ಸಮಾರಂಭ. ನಾನು ಹಬ್ಬಕ್ಕೆ ಹಾಕೋ ಕಾನ್ಜು ನಿಲುವಂಗೀನ ಇಸ್ತ್ರಿ ಮಾಡಿಸ್ಕೊಂಡು ಹಾಕ್ಕೊಂಡು ಬಂದಿದ್ದೆ. ಹಿಂದಿನ ಸಾಲಲ್ಲಿ ಕೂತಿದ್ದೆ. ದಾನ ಕೊಟ್ಟವರ ಹೆಸರು ಓದಿದ್ರಿ, ಅತಿಥಿಗಳ ಹೆಸರು ಓದಿದ್ರಿ, ಈ ರೋಲೆಕ್ಸ್ ತಿನ್ನೋನ್ನ ವೇದಿಕೆಗೆ ಕರೆದು ಫೋಟೋ ತೆಗೆದ್ರಿ. ಹತ್ತೊಂಬತ್ತು ಸಾವಿರ ಗೆರೆ ಎಳೆದ ಮುದುಕ ಹಿಂದಿನ ಸಾಲಲ್ಲಿ ಕೂತು, ಕಡ್ಲೆಕಾಯಿ ತಿಂದು, ಎದ್ದು ಹೋದ."

"ಹೆಸರು ಬೇಡ ಅಂತ ನೀವೇ ಹೇಳಿದ್ರಲ್ಲ ಜಾಜಾ! ಎಷ್ಟು ಸಲ ಹೇಳಿದ್ರಿ!"

"ಹೇಳಿದ್ದೆ. ಬೇಡ ಅನ್ನೋದು ನನ್ನ ಮರ್ಯಾದೆ. ಆದ್ರೂ ಕರೆಯೋದು ನಿಮ್ಮ ಮರ್ಯಾದೆ."

ನಮಯಾಂಜಳಿಗೆ ಉಕ್ಕಿ ಬಂದ ಸಿಟ್ಟನ್ನು ಯಾರ ಮೇಲೆ ಸುರಿಯಬೇಕೆಂದೇ ತಿಳಿಯಲಿಲ್ಲ. ಹೆಸರು ಬೇಡವೆಂದು ಬಾಯಲ್ಲಿ ಹೇಳಿ ಒಳಗೊಳಗೇ ಕಾಯುತ್ತಿದ್ದ ಮುದುಕ. ಆ ಮಾತನ್ನು ಅಕ್ಷರಶಃ ನಂಬಿದ ಹುಡುಗಿ. ನೋಡದೆ ಒತ್ತಿದ ಇನ್ನೊಬ್ಬ. ಮೂವರೂ ಒಳ್ಳೆಯವರೇ, ಅದೇ ಅವಳಿಗೆ ತಡೆಯಲಾರದ ಸಂಕಟ.

"ಒಂದು ಪದಕ ಕೊಡ್ಲಿಲ್ಲ ಅಂತ ಮುನಿಸ್ಕೊಂಡ್ರಾ?" ಎಂದಳು. "ಎಪ್ಪತ್ತಮೂರು ವರ್ಷಕ್ಕೆ?"

"ಪದಕ ಯಾರಿಗೆ ಬೇಕಿತ್ತಮ್ಮ?" ಮುದುಕನ ಕಣ್ಣು ಕೆಂಪಾಗಿತ್ತು. "ನೀನೂ ಹಳ್ಳಿಯವಳೇ ಅಲ್ವಾ? ಬುಲುಂಗಿ ಬ್ವಾನ್ಸಿ ಡೋಲು ಬಡಿದ್ರೆ ಏನಾಗ್ತಿತ್ತು, ನೆನಪಿದ್ಯಾ?"

ನೆನಪಿಲ್ಲದೆ ಏನು! ಬೆಳಗಿನ ಹೊತ್ತು ಡೋಲು ಕೇಳಿದರೆ ಮನೆಗೊಬ್ಬರು ಗುದ್ದಲಿ ಹಿಡಿದು ಹೊರಡಬೇಕಿತ್ತು. ದಾರಿ ಸವರುವುದು, ಬಾವಿ ತೋಡುವುದು, ಕಾಲುಸಂಕ ಕಟ್ಟುವುದು. ಕೂಲಿ ಇಲ್ಲ. ಬಾರದವರನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದರು.

"ನಮ್ಮೂರಲ್ಲಿ ಆ ಡೋಲು ನಿಂತು ಹನ್ನೆರಡು ವರ್ಷ ಆಯ್ತು," ಎಂದ ಲುಟಾಮಗುಜಿ. "ಬಡಿದ್ರೂ ಯಾರೂ ಬರಲ್ಲ. ನಾನೇ ಒಂದ್ಸಲ ಬಡಿದೆ. ಒಂದು ನಾಯಿ ಬಂತು. ಆಮೇಲೆ ಇದನ್ನ ಯಾರೋ ಹೇಳ್ಕೊಟ್ರು. ರಾತ್ರಿ ಒಂದು ಕಾಲುದಾರಿ ಬರೆದು ಮಲಗಿದ್ದೆ, ಬೆಳಿಗ್ಗೆ ಎದ್ರೆ ಯಾರೋ ಅದರ ಮುಂದಿನ ಸೇತುವೆ ಬರೆದಿದ್ರು. ಯಾವ ದೇಶದೋರೋ ಏನೋ, ನಾನು ಬಡಿದೆ, ಅವರು ಬಂದ್ರು. ಆ ಖುಷಿಗೆ ಮಾಡ್ದೆ ಕಣಮ್ಮ ಹತ್ತೊಂಬತ್ತು ಸಾವಿರ. ಶನಿವಾರ ಆ ಸಭೇಲಿ ಕೂತಾಗ ಅನ್ನಿಸ್ತು, ಇಲ್ಲೂ ಯಾರೂ ಬಂದಿಲ್ಲ, ನಾನೊಬ್ನೇ ಅಂತ. ಸೋಮವಾರ ತಪ್ಪು ದಾರಿ ಕಂಡಾಗ 'ಇವರೇ ನೋಡ್ಕೊಳ್ಲಿ' ಅಂದ್ಕೊಂಡೆ. ಮಂಗಳವಾರ ಮಗು ಹೋಯ್ತು."

ಅವನು ಮುಖ ಮುಚ್ಚಿಕೊಂಡ. ಟೆಂಡೊ ಅವನ ಪಕ್ಕ ಹೋಗಿ ನಿಂತಳು, ಮುಟ್ಟಲು ಧೈರ್ಯ ಬರಲಿಲ್ಲ.

ನಮಯಾಂಜ ಗಡಿಯಾರ ನೋಡಿದಳು. ನಾಲ್ಕಕ್ಕೆ ಐದು ನಿಮಿಷ. ಮುದುಕನ ಕಥೆ ಕರುಳು ಹಿಂಡುವಂಥದ್ದೇ, ಆದರೆ ಅದರಿಂದ ಕಿಬಿರಂಗೊ ಹೊರಗೆ ಬರುವುದಿಲ್ಲ. ಅಳಿಸದವನ ಹೆಸರು ಸಿಕ್ಕಿತ್ತು, ಬರೆದವನದ್ದು ಸಿಕ್ಕಿರಲಿಲ್ಲ.

"ಡೋಲು ಬಡಿದಾಗ ಮೊದಲ ಗುದ್ದಲಿ ಎಲ್ಲಿ ಹಾಕ್ತಿದ್ರು ಜಾಜಾ?" ಎಂದು ಅವಳು ತಟ್ಟನೆ ಕೇಳಿದಳು.

"ಎಲ್ಲಿ ಅಂದ್ರೆ? ಅವರವರ ಬೇಲಿ ಮುಂದೆ. ತನ್ನ ಬಾಗಿಲ ಮುಂದಿಂದು ಸವರಿ ಆಮೇಲೆ ಊರಿಂದು."

"ಇದರಲ್ಲಿ? ನೀವು ಮೊಟ್ಟಮೊದಲು ಬರೆದದ್ದು ಏನು?"

ಮುದುಕ ಕೈ ತೆಗೆದು ಅವಳನ್ನು ನೋಡಿದ. "ನನ್ನ ಮನೆ."

"ಟೆಂಡೊ, ನೀನು?"

"ನಮ್ಮಮ್ಮನ ಮನೆ. ಎಲ್ರೂ ಅದನ್ನೇ ಮಾಡೋದು ನ್ಯಾಬೊ. ನಾನು ಕಲಿಸಿದ ಒಬ್ರೂ ಬೇರೆ ಏನೂ ಬರೆದಿಲ್ಲ ಮೊದಲು..." ಅವಳ ಮಾತು ನಿಂತಿತು. ಕೈ ಆಗಲೇ ಲ್ಯಾಪ್‌ಟಾಪಿನ ಮೇಲಿತ್ತು.

"ದಾರಿಹೋಕ ಮೊದಲು ಏನು ಬರೆದ, ತೆಗಿ."

ಹದಿನಾಲ್ಕು ತಿಂಗಳ ಹಿಂದಿನದು ಸಿಗಲು ಹೊತ್ತು ಹಿಡಿಯಿತು. ಕರೆಂಟು ಒಮ್ಮೆ ಹೋಗಿ ಬಂತು. ಅಶಿರಾಫ್ ಎದ್ದು ಬಂದು ಹಿಂದೆ ನಿಂತ, ಅವನನ್ನು ಯಾರೂ ಗದರಿಸಲಿಲ್ಲ.

ಪರದೆಯ ಮೇಲೆ ಒಂದು ಮನೆ ಮೂಡಿತು. ಬೇರೆಯವರು ಮನೆ ಎಂದರೆ ಒಂದು ಚೌಕ ಎಳೆದು ಬಿಡುತ್ತಾರೆ. ಇದರಲ್ಲಿ ಬೇರೆಯಾಗಿ ಅಡುಗೆಮನೆ ಇತ್ತು, ಕೋಳಿಗೂಡಿತ್ತು, ಹಿತ್ತಲ ಬಾಳೆತೋಟದ ಅಂಚನ್ನೂ ಎಚ್ಚರಿಕೆಯಿಂದ ಎಳೆದಿದ್ದರು. ಮನೆ ಇದ್ದದ್ದು ಜೌಗಿನಾಚೆಯ ದಿಬ್ಬದ ಮೇಲೆ, ಒಂಟಿಯಾಗಿ.

"ಮಂಗಳವಾರ ಆಂಬ್ಯುಲೆನ್ಸ್ ಹೊರಟದ್ದು ಯಾವ ಮನೆಗೆ?" ನಮಯಾಂಜಳ ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

ಟೆಂಡೊ ಕರೆಯ ದಾಖಲೆ ತೆರೆದಳು. ಎರಡನ್ನೂ ಪಕ್ಕಪಕ್ಕ ಇಟ್ಟಳು.

ಒಂದೇ ಮನೆ.

"ಪ್ರೊಸ್ಕೊವಿಯಾ," ಎಂದ ಅಶಿರಾಫ್. "ಅವಳೇನಾ? ಆ ಮಗುವಿನ ಅಮ್ಮ? ಅವಳಿಗೆ ನೀರು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದಳು ಟೆಂಡೊ. "ನ್ಯಾಬೊ, ಆಂಬ್ಯುಲೆನ್ಸಿಗೆ ಒಂದು ನಿಯಮ ಇದೆ. ಆರೋಗ್ಯ ಕೇಂದ್ರದಿಂದ ಹತ್ತು ಕಿಲೋಮೀಟರ್ ಒಳಗಿನ ಮನೆಗೆ ಮಾತ್ರ ಹೋಗತ್ತೆ. ದೂರ ಅಳೆಯೋದು ಈ ನಕ್ಷೆ. ಸುತ್ತಿ ಹೋದ್ರೆ ಆ ಮನೆ ಹದಿನಾರು. ಜೌಗಿನ ಮೇಲೆ ದಾರಿ ಇದ್ರೆ ನಾಲ್ಕು. ದಾರಿ ಅಳಿಸಿದಾಗೆಲ್ಲ ಅವಳ ಮನೆ ಪಟ್ಟಿಯಿಂದ ಬಿದ್ದುಹೋಗ್ತಿತ್ತು. ಆ ನಿಯಮ ಮಾಡಿದ್ದು ನಾನು."

ಅಂದರೆ ಹೆಂಗಸು ಕಾಯಲಾರದೆ ತನ್ನ ಬಾಗಿಲಿಗೆ ತಾನೇ ದಾರಿ ಬರೆದುಕೊಂಡಿದ್ದಳು. ಗಾಡಿ ಹೊರಟರೆ ಸಾಕು, ಚಾಲಕ ಊರವನಾಗಿರುತ್ತಾನೆ, ಜೌಗು ಕಂಡರೆ ಸುತ್ತಿ ಬರುತ್ತಾನೆ ಎಂದುಕೊಂಡಿದ್ದಳೋ ಏನೋ. ಕಿಬಿರಂಗೊ ಹೊಸಬ, ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು.

"ನನ್ನ ಟಿಪ್ಪಣಿ ಓದಿದ್ರೆ..." ಎಂದು ಲುಟಾಮಗುಜಿ ತೊದಲಿದ. "ಒಂದು ಉತ್ತರ ಬರೆದಿದ್ರೆ ನಾನು..."

ಟೆಂಡೊ ಅವನ ಟಿಪ್ಪಣಿಗಳನ್ನು ತೆರೆದಳು. ಅವಳ ಬೆರಳು ಪರದೆಯ ಮೇಲೆ ನಿಂತಿತು. "ಜಾಜಾ, ಉತ್ತರ ಬಂದ್ರೆ ಎಲ್ಲಿ ನೋಡ್ತೀರಿ ನೀವು?"

"ಎಲ್ಲಿ ಅಂದ್ರೆ? ಬರೆದು ಮುಚ್ತೀನಿ. ಯಾರಾದ್ರೂ ಮಾತಾಡೋದಿದ್ರೆ ಫೋನ್ ಮಾಡ್ತಾರೆ."

ಐದು ವರ್ಷದಲ್ಲಿ ಉತ್ತರಗಳ ಪುಟವೊಂದಿದೆ ಎಂದು ಆ ಮನುಷ್ಯನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ. ಅದರಲ್ಲಿ ಓದದೆ ಬಿದ್ದಿದ್ದವು ಇನ್ನೂರ ಆರು. ಹೆಚ್ಚಿನವು ಧನ್ಯವಾದಗಳು. ದಾರಿಹೋಕನ ಹೆಸರಿನಲ್ಲಿ ಮೂರಿದ್ದವು.

ನಮಯಾಂಜ ಗಟ್ಟಿಯಾಗಿ ಓದಿದಳು.

"'ನೀರು ಅಂತ ನನಗೂ ಗೊತ್ತು. ದಾರಿ ಅಳಿಸಿದರೆ ನನ್ನ ಮನೆ ಅವರಿಗೆ ಕಾಣುವುದಿಲ್ಲ.'

"'ಬೇರೆ ಉಪಾಯ ಇದ್ದರೆ ಹೇಳಿಕೊಡಿ ಜಾಜಾ. ನಾನು ಇದನ್ನು ಸ್ವಂತವಾಗಿ ಕಲಿತದ್ದು.'"

ಮೂರನೆಯದು ಸೋಮವಾರದ್ದು.

"'ಈ ವಾರ ಒಂದು ಅಳಿಸಬೇಡಿ. ನನ್ನ ದಿನ ತುಂಬಿದೆ. ಆಮೇಲೆ ನಾನೇ ಅಳಿಸುತ್ತೇನೆ.'"

ಮುದುಕ ಅಳಲಿಲ್ಲ. ಗೋಡೆಯ ನಕ್ಷೆಯನ್ನೇ ನೋಡುತ್ತ ಕೂತ.

ನಮಯಾಂಜಳ ಕೈಯಲ್ಲಿ ಈಗ ಹೆಸರಿತ್ತು. ಅದನ್ನು ಹೇಳಿದರೆ ಮೂರು ಮಕ್ಕಳ ತಂದೆ ಕಿಬಿರಂಗೊ ಇವತ್ತು ರಾತ್ರಿ ಮನೆಯಲ್ಲಿ ಊಟ ಮಾಡುತ್ತಾನೆ, ಮೂರು ದಿನದಿಂದ ಒಂದು ಮಾತಾಡದೆ ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುವ ಹೆಂಗಸಿನ ಮುಂದೆ ಪೊಲೀಸರು ಹೋಗಿ ನಿಲ್ಲುತ್ತಾರೆ. ಹೇಳದಿದ್ದರೆ ನಿರಪರಾಧಿ ಕೋರ್ಟಿಗೆ. ಎಂಥ ಹಾಳು ಕೇಸು ಇದು! ಒಬ್ಬನೇ ಒಬ್ಬ ಕೆಟ್ಟವನು ಸಿಗಬಾರದೇ, ಕೊರಳಪಟ್ಟಿ ಹಿಡಿಯಲು?

ಫೋನ್ ಹೊಡೆದುಕೊಂಡಿತು. ಠಾಣಾಧಿಕಾರಿ.

"ನಾಲ್ಕೂವರೆ ಆಯ್ತು ನ್ಯಾಬೊ. ಹೆಸರು?"

ಅವಳು ಬಾಯಿ ತೆರೆಯುವ ಮೊದಲೇ ಲುಟಾಮಗುಜಿ ಎದ್ದು ಬಂದ. ಅವಳ ಕೈಯಿಂದ ಫೋನನ್ನು ಕಿತ್ತುಕೊಂಡ. ಆ ವಯಸ್ಸಿಗೆ ಅಷ್ಟು ಬಲ ಇರುತ್ತದೆಂದು ಅವಳು ಎಣಿಸಿರಲಿಲ್ಲ.

"ನಾನು ಲುಟಾಮಗುಜಿ. ನಿವೃತ್ತ ಸರ್ವೆಯವನು. ಆ ದಾರಿ ಬರೆದವನು ನಾನೇ ಸೆಬೊ. ಬರ್ಕೊಳ್ಳಿ ಸ್ವಾಮಿ."

ಟೆಂಡೊ ಕಿರುಚಲು ಹೋಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಮಯಾಂಜ ಫೋನನ್ನು ಕಸಿದುಕೊಳ್ಳಬೇಕಿತ್ತು. ಇಪ್ಪತ್ತೇಳು ವರ್ಷ ಒಂದು ಸುಳ್ಳು ಹೇಳಿಕೆಯನ್ನೂ ದಾಖಲೆಗೆ ಬಿಟ್ಟವಳಲ್ಲ ಅವಳು. ಕೈ ಮಾತ್ರ ಮೇಜಿನ ಮೇಲಿಂದ ಏಳಲಿಲ್ಲ.

ಆಚೆ ಕಡೆಯಿಂದ ಅಧಿಕಾರಿಯ ದನಿ ಕೋಣೆಯಲ್ಲೆಲ್ಲ ಕೇಳಿಸಿತು.

"ಫೋನ್ ನ್ಯಾಬೊಗೆ ಕೊಡಿ."

ಮುದುಕ ಕೊಟ್ಟ.

"ನ್ಯಾಬೊ, ಒಂದು ಹೆಂಗಸು ಆಸ್ಪತ್ರೆಯಿಂದ ನಡ್ಕೊಂಡು ಬಂದು ಅರ್ಧ ಗಂಟೆಯಿಂದ ನನ್ನ ಮುಂದಿನ ಬೆಂಚಿನ ಮೇಲೆ ಕೂತಿದ್ದಾಳೆ. ನಿಲ್ಲೋಕೂ ಆಗ್ತಿಲ್ಲ ಅವಳಿಗೆ. ಆ ದಾರಿ ಬರೆದದ್ದು ನಾನು, ಗಾಡಿಯವನನ್ನ ಬಿಡಿ, ನನ್ನ ಒಳಗೆ ಹಾಕಿ ಅಂತಿದ್ದಾಳೆ. ಇಬ್ಬರಲ್ಲಿ ಸುಳ್ಳು ಹೇಳ್ತಿರೋದು ಯಾರು? ನೀವು ಹೇಳಿದ್ದನ್ನೇ ಬರ್ಕೊತೀನಿ. ಪೆನ್ನು ಕೈಲಿದೆ, ಹೇಳಿ."